ಊಟದ ಮೇಜಿನ ಮೇಲೊಂದು ಎಕ್ಸ್‌ಚೇಂಜ್

ಭಾನುವಾರ ಮಧ್ಯಾಹ್ನ ಎರಡೂವರೆಗೆ ಕಲಬುರಗಿಯ ನಮ್ಮ ಮನೆಗೆ ಬಂದರೆ ಊಟದ ಮೇಜಿನ ಮೇಲೆ ಎರಡು ಮೊಬೈಲ್‌ಗಳು ಬುಡಕ್ಕೆ ಬುಡ ಎದುರಾಗಿ ಮಲಗಿರುವುದು ಕಾಣಿಸುತ್ತದೆ. ಒಂದರಲ್ಲಿ ಐರ್ಲೆಂಡಿನಿಂದ ಮಗಳು ವಾಟ್ಸ್‌ಆ್ಯಪ್‌ನ ಪುಕ್ಕಟೆ ಇಂಟರ್‌ನೆಟ್ ಕರೆಯಲ್ಲಿರುತ್ತಾಳೆ. ಇನ್ನೊಂದರಲ್ಲಿ ಆಳಂದ ತಾಲೂಕಿನ ಹಳ್ಳಿಯಿಂದ ನನ್ನ ಅಕ್ಕ ಇರುತ್ತಾಳೆ. ಅವಳದು ಮಾಮೂಲಿ ಕರೆ, ಏಕೆಂದರೆ ಅವಳ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು. ಎರಡರ ಸ್ಪೀಕರೂ ಚಾಲೂ. ಇದರ ಬಾಯಿಗೆ ಅದರ ಕಿವಿ, ಅದರ ಬಾಯಿಗೆ ಇದರ ಕಿವಿ. ನಾನು ಪಕ್ಕದಲ್ಲಿ ಕುಳಿತು ಪುಂಡಿಪಲ್ಯ ಸೋಸುತ್ತಿರುತ್ತೇನೆ. ಸದ್ದು ಮಾಡುವ ಕೆಲಸವನ್ನು ಆ ಹೊತ್ತಿನಲ್ಲಿ ಹಿಡಿಯುವಂತಿಲ್ಲ. ಒಮ್ಮೆ ಶೇಂಗಾ ಸುಲಿಯಲು ಕುಳಿತಿದ್ದೆ, ಮಗಳು "ಅವ್ವ, ಅಲ್ಲಿ ಬೆಂಕಿ ಬಿದ್ದಿದೆಯೇನು?" ಎಂದು ಗಾಬರಿಯಾದಳು.

ಎರಡು ಫೋನುಗಳ ಈ ಜೋಡಣೆ ಮೊದಲ ದಿನವೇ ಸರಿಹೋಗಲಿಲ್ಲ. ಹಳೆಯ ರಿಸೀವರಿನ ನೆನಪಿನಲ್ಲಿ ಒಂದರ ತಲೆಗೆ ಇನ್ನೊಂದರ ಕಾಲು ಬರುವಂತೆ ಇಟ್ಟೆ. ಕೀಂ ಎಂಬ ಶಬ್ದ ಹೊರಟು ಎದುರು ಮನೆಯ ನಾಯಿ ಬೊಗಳತೊಡಗಿತು. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ನಮ್ಮ ಎರಡೂ ಮೊಬೈಲ್‌ಗಳಲ್ಲಿ ಮೈಕಿನ ತೂತೂ ಸ್ಪೀಕರಿನ ತೂತುಗಳೂ ಕೆಳ ಅಂಚಿನಲ್ಲೇ ಇವೆ. ಬುಡಗಳನ್ನು ಎದುರುಬದುರು ಇಟ್ಟು, ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಕೆಳಗೆ ಮಡಿಸಿದ ಟವೆಲ್ ಹಾಸಿ, ಸದ್ದನ್ನು ಅರ್ಧಕ್ಕೆ ಇಳಿಸಿದಾಗ ಕೀರಲು ನಿಂತಿತು. ಒಬ್ಬರು ಮುಗಿಸಿದ ಮೇಲೆಯೇ ಇನ್ನೊಬ್ಬರು ಮಾತನಾಡಬೇಕೆಂಬ ಒಂದು ಕಟ್ಟಳೆ ಮಾಡಿದ್ದೇನೆ. ಮಗಳು ಪಾಲಿಸುತ್ತಾಳೆ. ಅಕ್ಕ ಪಾಲಿಸುವುದಿಲ್ಲ.

ಈ ಕೆಲಸ ನನಗೆ ಹೊಸದಲ್ಲ. 1982ರಲ್ಲಿ ಇದೇ ಊರಿನ ಟ್ರಂಕ್ ಎಕ್ಸ್‌ಚೇಂಜಿಗೆ, ಅಂದರೆ ಬೋರ್ಡಿನಲ್ಲಿ ವಯರು ಚುಚ್ಚಿ ಬೇರೆ ಊರಿನ ಕರೆ ಜೋಡಿಸುವ ಕಚೇರಿಗೆ, ಟೆಲಿಫೋನ್ ಆಪರೇಟರ್ ಆಗಿ ಸೇರಿದವಳು ನಾನು. ಆಗ ಊರಿನ ಹೆಸರು ಗುಲಬರ್ಗಾ. ಕಾಗದಪತ್ರಗಳಲ್ಲಿ ಕಲಬುರಗಿ ಆದದ್ದು 2014ರ ನವೆಂಬರ್ 1ರಿಂದ. 2020ರ ಜನವರಿ 31ರಂದು, ದೇಶದಾದ್ಯಂತ ಒಂದೇ ದಿನ ಬಿ.ಎಸ್.ಎನ್.ಎಲ್.ನ 78 ಸಾವಿರಕ್ಕೂ ಹೆಚ್ಚು ಸಹೋದ್ಯೋಗಿಗಳು ಸ್ವಯಂನಿವೃತ್ತಿ ಪಡೆದಾಗ, ನಾನೂ ಹೂವಿನ ಹಾರ ಹಾಕಿಸಿಕೊಂಡು ಮನೆಗೆ ಬಂದೆ. ನಡುವಿನ ವರ್ಷಗಳಲ್ಲಿ ಬೋರ್ಡು ಹೋಯಿತು, ವಯರು ಹೋಯಿತು, ನಾನು ಕೌಂಟರಿನಲ್ಲಿ ಬಿಲ್ ಕಟ್ಟಿಸಿಕೊಳ್ಳುವವಳಾದೆ. ಆದರೆ ಕಿವಿ ಮಾತ್ರ ಆಪರೇಟರಿನದೇ ಉಳಿಯಿತು. ಯಾರದೇ ಫೋನಿನಲ್ಲಿ ಗರಗರ ಕೇಳಿಸಿದರೆ ದೋಷ ಯಾವ ತುದಿಯಲ್ಲಿದೆ ಎಂದು ಈಗಲೂ ಊಹಿಸುತ್ತೇನೆ.

ಈಗಿನ ಮಕ್ಕಳಿಗೆ ಟ್ರಂಕ್ ಕಾಲ್ ಎಂದರೆ ಕಥೆಯೇ. 180ಕ್ಕೆ ಕರೆ ಮಾಡಿ ಬುಕ್ ಮಾಡಬೇಕಿತ್ತು. ಯಾರಿಂದ, ಯಾವ ಊರಿಗೆ, ಯಾವ ನಂಬರಿಗೆ, ಯಾವ ದರ್ಜೆ ಎಂದು ನಾವು ಚೀಟಿಯ ಮೇಲೆ ಬರೆದುಕೊಳ್ಳುತ್ತಿದ್ದೆವು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಅರ್ಜೆಂಟಿಗೆ ಎರಡು ಪಟ್ಟು ಹಣ, ಲೈಟ್ನಿಂಗಿಗೆ ಎಂಟು ಪಟ್ಟು. ತೊಗರಿ ಸುಗ್ಗಿಯಲ್ಲಿ ನೆಹರು ಗಂಜಿನ ಅಡತಿಯವರು ಮುಂಬಯಿಯ ಧಾರಣೆ ಕೇಳಲು ಲೈಟ್ನಿಂಗ್ ಹಾಕುತ್ತಿದ್ದರು. ಎಂಟು ಪಟ್ಟು ಕೊಟ್ಟು ಅವರು ಆಡುತ್ತಿದ್ದದ್ದು ನಾಲ್ಕೇ ಮಾತು. ಪಿ.ಪಿ. ಎಂಬ ಇನ್ನೊಂದು ಬಗೆಯೂ ಇತ್ತು: ಇಂಥವರೇ ಬಂದು ಫೋನು ಹಿಡಿದರೆ ಮಾತ್ರ ಮಾತಿನ ಲೆಕ್ಕ ಶುರು. ಆಚೆಯ ಊರಿನ ಅಂಗಡಿಯವನು ಹುಡುಗನನ್ನು ಓಡಿಸಿ ಮನೆಯವರನ್ನು ಕರೆಸುವ ತನಕ ನಾವು ಕಾಯುತ್ತಿದ್ದೆವು. ಬಂದವರ ಹೆಸರು ಕೇಳಿ ಖಾತ್ರಿ ಮಾಡಿಕೊಂಡು "ಮಾತನಾಡಿ" ಎನ್ನುತ್ತಿದ್ದೆವು. ಮೂರು ನಿಮಿಷಕ್ಕೆ ನಡುವೆ ಬಂದು "ಮೂರು ನಿಮಿಷ ಆಯಿತು, ಮುಂದುವರಿಸುತ್ತೀರಾ?" ಎಂದು ಕೇಳುತ್ತಿದ್ದೆವು. ಎಷ್ಟೋ ಜನರ ಅಳುವನ್ನು ನಾನು ಈ ಪ್ರಶ್ನೆಯಿಂದ ಕತ್ತರಿಸಿದ್ದೇನೆ.

ಕಲಿಸುವಾಗ ಹಿರಿಯ ಆಪರೇಟರ್ ಒಬ್ಬರು ಒಂದು ಮಾತು ಹೇಳಿದ್ದರು. ಎರಡೂ ಕಡೆಯವರು ಒಬ್ಬರ ಧ್ವನಿ ಒಬ್ಬರು ಗುರುತಿಸಿದರೆಂದು ಖಾತ್ರಿಯಾದ ಕೂಡಲೇ ಕೀಲಿ ತಿರುಗಿಸಿ ನಿನ್ನ ಕಿವಿಯನ್ನು ಹೊರಗೆ ತೆಗೆದುಬಿಡು. ಅದರ ನಂತರ ಕೇಳುವುದು ಕದ್ದ ಹಾಗೆ.

ಪುಕ್ಕಟೆ ಕರೆಯ ಬಗ್ಗೆ ಬರೆಯಲು ಹೊರಟು ಇಷ್ಟೊಂದು ಹಳೆಯದನ್ನು ಹೇಳಲು ಕಾರಣವಿದೆ. ಇಂಟರ್‌ನೆಟ್ ಕರೆ ಬಂದ ಮೇಲೆ ಆಪರೇಟರ್ ಬೇಕಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಹಾಗಾಗಿಲ್ಲ. ಆ ಕೆಲಸವನ್ನು ಸಂಬಳವಿಲ್ಲದೆ ಕರೆ ಮಾಡುವವರ ಹೆಗಲಿಗೆ ದಾಟಿಸಿದ್ದಾರೆ, ಅಷ್ಟೇ. ದಾರಿ ಹುಡುಕುವುದು, ಲೈನು ಸರಿ ಇದೆಯೇ ನೋಡುವುದು, ಆಚೆ ಕಡೆ ಇರುವವರು ಯಾರು ಎಂದು ಖಾತ್ರಿ ಮಾಡಿಕೊಳ್ಳುವುದು, ಎಲ್ಲವೂ ಈಗ ನಿಮ್ಮದೇ. ನಮ್ಮ ಓಣಿಯಲ್ಲಿ ಅದನ್ನು ಮಾಡಲಾಗದವರು ನನ್ನ ಬಾಗಿಲು ತಟ್ಟುತ್ತಾರೆ.

ಎದುರು ಮನೆಯ ಖಾಲಾ ಒಮ್ಮೆ ಕೇಳಿದರು: "ಹಣವಿಲ್ಲದೆ ಮಾತು ಸಮುದ್ರ ದಾಟುವುದು ಹೇಗಮ್ಮ?" ಅವರಿಗೆ ನಾನು ರೊಟ್ಟಿಯ ಲೆಕ್ಕದಲ್ಲಿ ಹೇಳಿದೆ. ಹಿಂದೆ ಟ್ರಂಕ್ ಲೈನು ಎಂದರೆ ನೂರು ಖಡಕ್ ರೊಟ್ಟಿಯನ್ನು ಬೆಂಗಳೂರಿಗೆ ಕಳಿಸಲು ಒಂದು ಇಡೀ ಬಸ್ಸನ್ನು ಬಾಡಿಗೆಗೆ ಹಿಡಿದ ಹಾಗೆ. ನೀವು ಸುಮ್ಮನಿದ್ದರೂ ಬಸ್ಸು ನಿಮ್ಮದೇ, ಬಾಡಿಗೆಯೂ ನಿಮ್ಮದೇ. ಇಂಟರ್‌ನೆಟ್ಟಿನಲ್ಲಿ ಬಸ್ಸು ಹಿಡಿಯುವುದಿಲ್ಲ. ಮಾತನ್ನು ಸಣ್ಣ ಸಣ್ಣ ಚೂರು ಮಾಡಿ, ಸಾಮಾನ್ಯವಾಗಿ ಸೆಕೆಂಡಿಗೆ ಐವತ್ತು ಚೂರು, ಒಂದೊಂದಕ್ಕೂ ವಿಳಾಸ ಬರೆದು, ಹೊರಟ ಬಸ್ಸಿನಲ್ಲೆಲ್ಲ ಒಂದೊಂದು ರೊಟ್ಟಿ ಇಟ್ಟ ಹಾಗೆ ಕಳಿಸುತ್ತಾರೆ. ಆ ಬಸ್ಸಿನಲ್ಲಿ ಬೇರೆಯವರ ಸಿನಿಮಾ, ಫೋಟೋ, ಬ್ಯಾಂಕಿನ ಲೆಕ್ಕ ಎಲ್ಲವೂ ಇರುತ್ತವೆ. ಆಚೆ ಕಡೆಯವರು ಬಂದ ರೊಟ್ಟಿಗಳನ್ನು ಅಂಕೆಯ ಪ್ರಕಾರ ಜೋಡಿಸಿಕೊಳ್ಳುತ್ತಾರೆ. ಊಟ ಮುಗಿದ ಮೇಲೆ ಬಂದ ರೊಟ್ಟಿಯನ್ನು ಯಾರೂ ತಿನ್ನುವುದಿಲ್ಲ, ಎಸೆಯುತ್ತಾರೆ. ಮಾತು ನಡುನಡುವೆ ನುಂಗಿಹೋದಂತೆ ಆಗುವುದು ಅದಕ್ಕೇ.

ಖಾಲಾಗೆ ಹೇಳದೆ ಬಿಟ್ಟ ಅಂಕೆಗಳನ್ನು ಇಲ್ಲಿ ಬರೆಯುತ್ತೇನೆ. ನಮ್ಮ ಡಿಜಿಟಲ್ ಎಕ್ಸ್‌ಚೇಂಜಿನಲ್ಲಿ ಒಂದು ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಮೀಸಲಾಗಿತ್ತು. ಅಂದರೆ ನಿಮಿಷಕ್ಕೆ 480 ಕಿಲೋಬೈಟ್. 2012ರಲ್ಲಿ ಮಾನದಂಡವಾದ ಓಪಸ್ ಎಂಬ ಧ್ವನಿ ಕುಗ್ಗಿಸುವ ವಿಧಾನ 6 ಕಿಲೋಬಿಟ್‌ನಿಂದಲೇ ಕೆಲಸ ಶುರು ಮಾಡಬಲ್ಲದು. 24 ಕಿಲೋಬಿಟ್ ಕೊಟ್ಟರೆ ಮಾತು ಚೆನ್ನಾಗಿಯೇ ಕೇಳಿಸುತ್ತದೆ. ಅದು ನಿಮಿಷಕ್ಕೆ 180 ಕಿಲೋಬೈಟ್. ಬರುವ ಮಾತು, ಹೋಗುವ ಮಾತು, ವಿಳಾಸದ ಭಾರ ಎಲ್ಲ ಸೇರಿಸಿದರೂ ಒಂದು ಗಂಟೆಯ ಹರಟೆ ಕೆಲವು ಹತ್ತು ಎಂ.ಬಿ.ಗಳಲ್ಲಿ ಮುಗಿಯುತ್ತದೆ. ಮೊಮ್ಮಗ ನೋಡುವ ವಿಡಿಯೋ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಹಾಗಾಗಿ "ಪುಕ್ಕಟೆ" ಎನ್ನುವುದು ಅರ್ಧ ಸತ್ಯ. ಡೇಟಾಗೆ ತಿಂಗಳ ಮೊದಲೇ ಹಣ ಕೊಟ್ಟಾಗಿರುತ್ತದೆ, ಮಾತು ಅದರ ಮೂಲೆಯಲ್ಲಿ ಕುಳಿತು ಹೋಗುತ್ತದೆ.

ಮಾತು ತಲುಪಲು ಹಿಡಿಯುವ ತಡದ ವಿಷಯದಲ್ಲಿ ಮಾತ್ರ ಜನ ಹಳೆಯದನ್ನು ಸುಮ್ಮನೆ ಹೊಗಳುತ್ತಾರೆ. ಹಿಂದೆ ಅನೇಕ ವಿದೇಶಿ ಕರೆಗಳು ಉಪಗ್ರಹದ ಮೂಲಕ ಹೋಗುತ್ತಿದ್ದವು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ ಇಳಿಯುವಷ್ಟರಲ್ಲಿ ಕಾಲು ಸೆಕೆಂಡು ಕಳೆಯುತ್ತಿತ್ತು. "ಹಲೋ" ಎಂದವರು ಉತ್ತರ ಬರಲಿಲ್ಲವೆಂದು ಮತ್ತೆ "ಹಲೋ" ಎನ್ನುವುದು, ಅಷ್ಟರಲ್ಲಿ ಮೊದಲಿನ ಉತ್ತರ ಬಂದು ಡಿಕ್ಕಿ ಹೊಡೆಯುವುದು. ಮಾತು ಸಲೀಸಾಗಿರಬೇಕಾದರೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗೆ ಇರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಸಮುದ್ರದಡಿಯ ಕೇಬಲ್ ಚೆನ್ನಾಗಿದ್ದರೆ ಐರ್ಲೆಂಡಿನ ಕರೆ ಹೆಚ್ಚುಕಡಿಮೆ ಅಷ್ಟರೊಳಗೇ ಬರುತ್ತದೆ. ಕೇಬಲ್ ಕೆಟ್ಟರೆ ಮಾತ್ರ ಗತಿಯಿಲ್ಲ. 2008ರ ಜನವರಿ ಕೊನೆಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕೇಬಲ್‌ಗಳು ತುಂಡಾದಾಗ ಇಡೀ ಭಾರತದ ಇಂಟರ್‌ನೆಟ್ ತೆವಳಿತ್ತು. ಅಂದು ನಮ್ಮ ಕೌಂಟರಿಗೆ ಬಂದ ಒಬ್ಬ ಗಿರಾಕಿ, ಆ ಸಮುದ್ರದ ತಂತಿಯನ್ನು ನಾನೇ ಕಡಿದೆನೆಂಬಂತೆ ನನ್ನನ್ನು ಬೈದು ಹೋದರು.

ಮಗಳು ನರ್ಸ್. 2014ರಲ್ಲಿ ಐರ್ಲೆಂಡಿಗೆ ಹೋದಾಗ ನಮ್ಮಿಬ್ಬರ ನಡುವೆ ಇದ್ದದ್ದು ಸ್ಕೈಪ್. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಪುಕ್ಕಟೆ. ವಾಟ್ಸ್‌ಆ್ಯಪ್‌ನಲ್ಲಿ ಮಾತಿನ ಕರೆ 2015ರಲ್ಲಿ, ಮುಖ ನೋಡುವ ಕರೆ 2016ರ ನವೆಂಬರಿನಲ್ಲಿ ಬಂದವು. ನಮ್ಮಿಬ್ಬರ ಮಟ್ಟಿಗೆ ಸ್ಕೈಪ್ ಮೂಲೆಗೆ ಸರಿಯಿತು. ಆದರೆ ಅಕ್ಕನ ಮಟ್ಟಿಗೆ ಸರಿಯಲಿಲ್ಲ. ಅಕ್ಕನ ಬಳಿ ಇಂಟರ್‌ನೆಟ್ ಇಲ್ಲ, ಇರುವುದು ನಂಬರು ಮಾತ್ರ. ನಂಬರಿಗೆ ಕರೆ ಹೋಗಬೇಕಾದರೆ ಇಂಟರ್‌ನೆಟ್ಟಿನ ಮಾತು ಎಲ್ಲೋ ಒಂದು ಕಡೆ ಟೆಲಿಫೋನ್ ಜಾಲಕ್ಕೆ ಇಳಿಯಬೇಕು, ಇಳಿದ ಕಡೆ ಸುಂಕ ಕಟ್ಟಬೇಕು. ಸ್ಕೈಪ್‌ನಲ್ಲಿ ಮೊದಲೇ ಸ್ವಲ್ಪ ಯೂರೋ ತುಂಬಿಸಿಟ್ಟು ಮಗಳು ದೊಡ್ಡಮ್ಮನ ಫೋನಿಗೆ ನೇರ ಕರೆ ಮಾಡುತ್ತಿದ್ದಳು. ಅಲ್ಲಿನ ಮೊಬೈಲಿನಿಂದ ನೇರವಾಗಿ ಮಾಡಿದರೆ ಆಗುವ ಖರ್ಚಿಗೆ ಹೋಲಿಸಿದರೆ ಅದು ಚಿಲ್ಲರೆ.

2003ರ ಆಗಸ್ಟಿನಲ್ಲಿ ಶುರುವಾದ ಸ್ಕೈಪ್‌ನ ಯಂತ್ರವನ್ನು ಕಟ್ಟಿದವರು ಎಸ್ಟೋನಿಯಾ ಎಂಬ ಪುಟ್ಟ ದೇಶದ ಹುಡುಗರು. 2011ರಲ್ಲಿ ಮೈಕ್ರೋಸಾಫ್ಟ್ ಅದನ್ನು 850 ಕೋಟಿ ಡಾಲರಿಗೆ ಕೊಂಡಿತು. 2025ರ ಮೇ 5ರಂದು ಬಾಗಿಲು ಹಾಕಿತು. ಮಗಳು ಸುದ್ದಿ ಹೇಳಿದಾಗ ನನಗೆ ನೆನಪಾದದ್ದು ತಂತಿ ಕಚೇರಿ. ಅದೂ 2013ರ ಜುಲೈಯಲ್ಲಿ ಹೀಗೆಯೇ ತಾರೀಖು ಹೇಳಿ ಮುಚ್ಚಿತ್ತು.

ಬದಲಿ ಇಲ್ಲವೆಂದಲ್ಲ. ವೈಬರ್ ಔಟ್‌ನಂಥ ಸೇವೆಗಳು ಕಡಿಮೆ ದರಕ್ಕೆ ಮಾಮೂಲಿ ಫೋನುಗಳಿಗೆ ಕರೆ ಒಯ್ಯುತ್ತವೆ. ಮಗಳು ಹಾಗೆಯೇ ಒಂದು ಸೇವೆಯಿಂದ ಪ್ರಯತ್ನಿಸಿದಳು. ಅಕ್ಕ ಎತ್ತಲಿಲ್ಲ. ಮೂರು ದಿನ ಎತ್ತಲಿಲ್ಲ. ನಾನು ಫೋನು ಮಾಡಿ ಕೇಳಿದರೆ, "ನೀನೇ ಹೇಳಿದ್ದೆಯಲ್ಲ, ಗೊತ್ತಿಲ್ಲದ ಉದ್ದನೆಯ ನಂಬರು ಬಂದರೆ ಮುಟ್ಟಬೇಡ ಎಂದು!" ಎಂದಳು. ನಿಜ, ಹೇಳಿದವಳು ನಾನೇ. ಇಂಥ ಕರೆಗಳಲ್ಲಿ ಒಮ್ಮೊಮ್ಮೆ ಯಾವ ನಂಬರು ಮೂಡುತ್ತದೆಂದು ಹೇಳಲಾಗುವುದಿಲ್ಲ. ಅಕ್ಕನಿಗೆ ಆ ಪುಟ್ಟ ಪರದೆಯ ಅಂಕೆ ಓದಲೂ ಆಗುವುದಿಲ್ಲ. ನನ್ನ ಹೆಸರಿಗೆ ಅಳಿಯ ಹಾಕಿಕೊಟ್ಟ ಬೇರೆ ರಿಂಗಿನ ಮೇಲೆ ಅವಳ ಭರವಸೆ. ಹಾಗಾಗಿ ನಮ್ಮ ಊಟದ ಮೇಜು ಎಕ್ಸ್‌ಚೇಂಜ್ ಆಯಿತು. ಮಗಳು ನನಗೆ, ನಾನು ಅಕ್ಕನಿಗೆ. ವಾಟ್ಸ್‌ಆ್ಯಪ್ ಕರೆಯನ್ನೂ ಮಾಮೂಲಿ ಕರೆಯನ್ನೂ ಫೋನಿನೊಳಗೆ ಜೋಡಿಸಲು ಬರುವುದಿಲ್ಲ, ಗಾಳಿಯಲ್ಲಿ ಜೋಡಿಸಬಹುದು. ಹಿಂದೆ ಬೋರ್ಡಿನಲ್ಲಿ ವಯರು ಚುಚ್ಚುತ್ತಿದ್ದೆ, ಈಗ ಟವೆಲ್ ಹಾಸುತ್ತೇನೆ.

ಅಳಿಯ ಇದನ್ನು ನೋಡಿ "ಅತ್ತೆಯವರೇ, ಇದು ಅಕ್ರಮ ಎಕ್ಸ್‌ಚೇಂಜ್, ಪೊಲೀಸರು ಬರುತ್ತಾರೆ" ಎಂದು ತಮಾಷೆ ಮಾಡುತ್ತಾರೆ. ತಮಾಷೆಯ ಹಿಂದೆ ಒಂದು ನಿಜದ ದಂಧೆಯಿದೆ. ಸಿಮ್ ಬಾಕ್ಸ್ ಎಂಬ ಪೆಟ್ಟಿಗೆಯಲ್ಲಿ ಹತ್ತಾರು ಸಿಮ್‌ಗಳನ್ನು ತುರುಕಿ, ವಿದೇಶದ ಕರೆಯನ್ನು ಇಂಟರ್‌ನೆಟ್ಟಿನಲ್ಲಿ ತಂದು, ಇಲ್ಲಿನ ಸ್ಥಳೀಯ ಕರೆಯಂತೆ ಹೊರಗೆ ಬಿಡುತ್ತಾರೆ. ವಿದೇಶಿ ಕರೆಯನ್ನು ಇಳಿಸಿಕೊಳ್ಳಲು ಕೊಡಬೇಕಾದ ಶುಲ್ಕ ತಪ್ಪುತ್ತದೆ, ಕರೆ ಮಾಡಿದವರು ಯಾರೆಂಬ ಗುರುತೂ ತಪ್ಪುತ್ತದೆ. ಕೊಲ್ಲಿಯಿಂದ ಮಗ ಮಾತನಾಡುತ್ತಿದ್ದರೂ ಪರದೆಯ ಮೇಲೆ ಇಲ್ಲಿಯದೇ ಯಾವುದೋ ಹತ್ತಂಕಿ ನಂಬರು ಕಾಣಿಸುತ್ತಿದ್ದದ್ದಕ್ಕೆ ಇದೂ ಒಂದು ಕಾರಣ. ಅದು ಅಪರಾಧ. ಇಂಟರ್‌ನೆಟ್ ಕರೆಗೆ ನಮ್ಮ ದೇಶ ಅನುಮತಿ ಕೊಟ್ಟದ್ದೇ 2002ರ ಏಪ್ರಿಲ್‌ನಲ್ಲಿ, ಅದೂ ಅಳೆದು ಸುರಿದು: ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಆಗಬಹುದು, ಕಂಪ್ಯೂಟರಿನಿಂದ ಹೊರದೇಶದ ಫೋನಿಗೂ ಆಗಬಹುದು, ದೇಶದೊಳಗಿನ ಫೋನಿಗೆ ಮಾತ್ರ ಕೂಡದು. 2018ರಲ್ಲಿ ನಿಯಮ ಸಡಿಲಗೊಂಡು ನಮ್ಮ ಬಿ.ಎಸ್.ಎನ್.ಎಲ್. ‘ವಿಂಗ್ಸ್’ ಎಂಬ ಆ್ಯಪ್ ತಂದಾಗ ಕಚೇರಿಯಲ್ಲಿ ಪೇಢೆ ಹಂಚಿದ್ದೆವು. ಅಷ್ಟರಲ್ಲಿ ಹೊರಗೆ ಊರಿನ ಹುಡುಗರು ವರ್ಷಗಳಿಂದ ಪುಕ್ಕಟೆಯಾಗಿ ಮಾತನಾಡುತ್ತಿದ್ದರು.

ಇನ್ನು ಖಾಲಾ ಕಥೆ. ಎಂಬತ್ತರ ದಶಕದಲ್ಲಿ ಅವರ ಯಜಮಾನರು ಜಿದ್ದಾದಲ್ಲಿದ್ದರು. ಫೋನು ಮಾಡುವ ತಾಕತ್ತು ಆಗ ಯಾರಿಗಿತ್ತು? ರಜೆಗೆ ಬರುವವರ ಕೈಯಲ್ಲಿ ಕ್ಯಾಸೆಟ್ ಬರುತ್ತಿತ್ತು. ಯಜಮಾನರು ಅರ್ಧ ಗಂಟೆ ಮಾತನಾಡಿ ತುಂಬಿಸಿದ ಕ್ಯಾಸೆಟ್ಟನ್ನು ಮನೆಮಂದಿಯೆಲ್ಲ ಟೇಪ್ ರೆಕಾರ್ಡರಿನ ಸುತ್ತ ಕುಳಿತು ಕೇಳುತ್ತಿದ್ದರು. ಅದರ ಹಿಂಭಾಗಕ್ಕೆ ಇವರು ತಮ್ಮ ಮಾತು ತುಂಬಿಸಿ ಬಂದೇ ನವಾಜರ ಉರುಸು ಮುಗಿಸಿ ಹೊರಡುವವರ ಕೈಯಲ್ಲಿ ಕಳಿಸುತ್ತಿದ್ದರು. ಈಗ ಅವರ ಮಗ ಶಾರ್ಜಾದಲ್ಲಿ ಎ.ಸಿ. ರಿಪೇರಿ ಮಾಡುತ್ತಾನೆ. ಹೋದ ವಾರವೇ ಹೊಸ ಮೊಬೈಲ್ ಕೊಡಿಸಿದ್ದ. ಖಾಲಾ ಅದನ್ನು ಹಿಡಿದು ಓಡಿಬಂದರು. "ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಬರುತ್ತದೆ, ಬರೆದದ್ದು ಬರುತ್ತದೆ, ಕರೆ ಮಾಡಿದರೆ ಮಾತ್ರ ಕೂಡುವುದಿಲ್ಲ. ಫೋನು ಕೆಟ್ಟಿದೆ, ನೋಡಿಕೊಡಿ."

ಫೋನು ಕೆಟ್ಟಿರಲಿಲ್ಲ. ಶಾರ್ಜಾ ಇರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಟ್ಸ್‌ಆ್ಯಪ್‌ನ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿ ಪರವಾನಗಿ ಪಡೆದ ಬೋಟಿಮ್‌ನಂಥ ಆ್ಯಪ್‌ಗಳಿಗೆ ಮಾತ್ರ ಅವಕಾಶ. ಸೌದಿಯವರು 2017ರ ಸೆಪ್ಟೆಂಬರಿನಲ್ಲಿ ಇಂಟರ್‌ನೆಟ್ ಕರೆಗಳ ಮೇಲಿನ ನಿರ್ಬಂಧ ಸಡಿಲಿಸಿದರೂ ಇವರು ಆ ಮಟ್ಟಕ್ಕೆ ಸಡಿಲಿಸಿಲ್ಲ. ಖಾಲಾ ಅವರ ತಂಗಿಯ ಮಗ "ವಿಪಿಎನ್ ಹಾಕಿದರೆ ಎಲ್ಲ ಕೂಡುತ್ತದೆ" ಎಂದು ಸಲಹೆ ಕೊಟ್ಟಿದ್ದ. ವಿಪಿಎನ್ ಎಂದರೆ ಇಂಟರ್‌ನೆಟ್ ಬಳಸುವವರು ಎಲ್ಲಿದ್ದಾರೆಂಬುದನ್ನು ಮರೆಮಾಡುವ ಉಪಾಯ. ಇಂಥ ಸಲಹೆ ಕೊಡುವವರು ದಂಡ ಕಟ್ಟುವಾಗ ಬರುವುದಿಲ್ಲ. ಅಲ್ಲಿನ ಕಾನೂನಿನಲ್ಲಿ ಅಪರಾಧ ಎಸಗಲು ವಿಪಿಎನ್ ಬಳಸಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ತನಕ ದಂಡವಿದೆ. ಎ.ಸಿ. ರಿಪೇರಿ ಮಾಡುವ ಹುಡುಗ ಜೀವಮಾನವಿಡೀ ದುಡಿದರೂ ತೀರದ ಮೊತ್ತ ಅದು. ನಾನು ಖಾಲಾ ಅವರ ಫೋನಿಗೆ ಬೋಟಿಮ್ ಹಾಕಿ, ಮಗನಿಗೆ ಅಲ್ಲಿನ ದೂರವಾಣಿ ಕಂಪನಿಯ ಕರೆ ಪ್ಯಾಕೇಜ್ ಬಗ್ಗೆ ಕೇಳಿಕೊಳ್ಳಲು ಹೇಳಿದೆ. ಪ್ಯಾಕೇಜಿಗೆ ಹಣ ಕೊಡಬೇಕೆಂದು ತಿಳಿದು ಖಾಲಾ ಮುಖ ಸಣ್ಣದಾಯಿತು. ಆಮೇಲೆ ಅವರೇ ಒಂದು ದಾರಿ ಕಂಡುಕೊಂಡರು. ವಾಟ್ಸ್‌ಆ್ಯಪ್‌ನಲ್ಲಿ ಮೈಕಿನ ಗುರುತು ಒತ್ತಿಹಿಡಿದು ಮಾತನಾಡಿ ಕಳಿಸುತ್ತಾರೆ. ಎಂಟು, ಹತ್ತು ನಿಮಿಷದ ಮಾತು. ಮಗ ಕೆಲಸ ಮುಗಿಸಿ ಕೋಣೆಗೆ ಬಂದು ಕೇಳಿ ಉತ್ತರ ತುಂಬಿಸುತ್ತಾನೆ. ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಆ ಮಾತು ಎರಡು ಮೂರು ಸಲ ಹೊರಡುತ್ತದೆ, ಸೊಸೆಗೊಮ್ಮೆ, ಮೊಮ್ಮಕ್ಕಳಿಗೊಮ್ಮೆ. ನಲವತ್ತು ವರ್ಷ ಆದ ಮೇಲೂ ಅದೇ ಕ್ಯಾಸೆಟ್, ಒಯ್ಯುವವರಷ್ಟೇ ಬದಲಾಗಿದ್ದಾರೆ.

ಹಳೆಯದು ಚೆನ್ನಾಗಿತ್ತು ಎಂದು ನಾನು ಒಪ್ಪಿಕೊಳ್ಳುವುದು ಒಂದೇ ವಿಷಯದಲ್ಲಿ. ಏಪ್ರಿಲ್, ಮೇಯಲ್ಲಿ ನಮ್ಮೂರಿನ ಬಿಸಿಲು 42, 43 ಡಿಗ್ರಿ ದಾಟುತ್ತದೆ. ಕರೆಂಟು ಹೋಗುತ್ತದೆ. ಕರೆಂಟು ಹೋದರೆ ಮನೆಯ ರೌಟರ್ ಸಾಯುತ್ತದೆ, ರೌಟರ್ ಸತ್ತರೆ ಪುಕ್ಕಟೆ ಕರೆಯೂ ಸಾಯುತ್ತದೆ. ಹಳೆಯ ತಾಮ್ರದ ಲೈನಿಗೆ ಮನೆಯ ಕರೆಂಟು ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಲ್ಲಿ ಎರಡೆರಡು ವೋಲ್ಟಿನ 24 ಸೆಲ್ಲುಗಳು ಸಾಲಾಗಿ ನಿಂತು 48 ವೋಲ್ಟನ್ನು ತಂತಿಯಲ್ಲೇ ಮನೆಗೆ ಕಳಿಸುತ್ತಿದ್ದವು. ಊರಿಗೆ ಊರೇ ಕತ್ತಲಾದರೂ ಫೋನು ಎತ್ತಿದರೆ ಗುಂಯ್ ಎಂಬ ಡಯಲ್ ಟೋನ್ ಇರುತ್ತಿತ್ತು. ಆ ಕೋಣೆಯ ಆಮ್ಲದ ವಾಸನೆ ನನಗೆ ಈಗಲೂ ಧೈರ್ಯದ ವಾಸನೆ. ಅದರ ಬದಲಿಗೆ ಈಗ ರೌಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ತಂದಿಟ್ಟಿದ್ದೇನೆ. ಇಟ್ಟಿಗೆಯ ಅರ್ಧದಷ್ಟಿದೆ. ಪುಕ್ಕಟೆ ಕರೆಗೆ ನಾನು ಮಾಡಿದ ದೊಡ್ಡ ಖರ್ಚು ಅದೇ.

ನಮ್ಮದು ಶಹಾಬಾದ್ ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆ. ಬೇಸಿಗೆಗೆ ತಂಪು, ಮೊಬೈಲ್ ಸಿಗ್ನಲಿಗೆ ಗೋರಿ. ಹಿಂದೆ ಅಕ್ಕನ ಜೊತೆ ಮಾತನಾಡಲು ಅಂಗಳಕ್ಕೆ ಓಡಬೇಕಿತ್ತು. ಫೋನಿನ ಸೆಟ್ಟಿಂಗ್‌ನಲ್ಲಿ ‘ವೈಫೈ ಕಾಲಿಂಗ್’ ಎಂಬ ಗುಂಡಿ ಇರುವುದನ್ನು ಪಕ್ಕದ ಬೀದಿಯ ರೀಚಾರ್ಜ್ ಅಂಗಡಿಯ ಹುಡುಗ ತೋರಿಸಿದ. ಅದನ್ನು ಚಾಲೂ ಮಾಡಿದರೆ ಮಾಮೂಲಿ ನಂಬರಿನ ಕರೆಯೇ ಮನೆಯ ರೌಟರಿನ ಮೂಲಕ ಹೊರಡುತ್ತದೆ. ಬೇರೆ ಆ್ಯಪ್ ಬೇಡ, ಆಚೆಯವರ ಬಳಿ ಇಂಟರ್‌ನೆಟ್ ಇರಬೇಕೆಂದೂ ಇಲ್ಲ. 2019ರ ಕೊನೆ, 2020ರ ಆರಂಭದಲ್ಲಿ ದೊಡ್ಡ ಕಂಪನಿಗಳು ಇದನ್ನು ತಂದವಂತೆ. ದೂರವಾಣಿಯಲ್ಲೇ 38 ವರ್ಷ ಕಳೆದ ನನಗೆ ಅದನ್ನು ಹೇಳಿಕೊಡಲು ಇಪ್ಪತ್ತರ ಹುಡುಗ ಬೇಕಾದ.

ಒಂದು ಎಚ್ಚರಿಕೆಯನ್ನು ಓಣಿಯಲ್ಲಿ ಎಲ್ಲರಿಗೂ ಹೇಳುತ್ತೇನೆ, ಇಲ್ಲೂ ಬರೆದುಬಿಡುತ್ತೇನೆ. ವಾಟ್ಸ್‌ಆ್ಯಪ್‌ನಿಂದ 112ಕ್ಕಾಗಲಿ 108ಕ್ಕಾಗಲಿ ಕರೆ ಹೋಗುವುದಿಲ್ಲ. ರೀಚಾರ್ಜ್ ಮುಗಿದ ಸಿಮ್ಮನ್ನು "ವೈಫೈ ಇದೆಯಲ್ಲ" ಎಂದು ಹಾಗೆಯೇ ಬಿಡಬೇಡಿ.

ಆಚೆ ಕಡೆ ಇರುವವರು ಯಾರು ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಹೋದ ವರ್ಷ ನಮ್ಮ ಓಣಿಯ ನಿವೃತ್ತ ಮಾಸ್ತರರಿಗೆ ಮುಖ ಕಾಣುವ ಕರೆ ಬಂತು. ಖಾಕಿ ಸಮವಸ್ತ್ರ, ಹಿಂದೆ ಬಾವುಟ, ಮೇಜಿನ ಮೇಲೆ ಲಾಠಿ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಈಗ ‘ಡಿಜಿಟಲ್ ಬಂಧನ’ದಲ್ಲಿದ್ದೀರಿ, ಕ್ಯಾಮೆರಾ ಮುಂದಿನಿಂದ ಏಳಕೂಡದು, ಯಾರಿಗೂ ಹೇಳಕೂಡದು ಎಂದರಂತೆ. ಮಾಸ್ತರರು ಮೂರು ತಾಸು ಕುರ್ಚಿ ಬಿಟ್ಟು ಏಳಲಿಲ್ಲ. ನೀರು ಕೊಡಲು ಬಂದ ಹೆಂಡತಿಯನ್ನೂ ಸನ್ನೆಯಿಂದ ಹೊರಗೆ ಕಳಿಸಿದರು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನ ಬಳಿ ಬಂದರು.

ನಾನು ಹೋಗಿ ಫೋನಿನ ಮುಂದೆ ನಿಂತು ಹಳೆಯ ಧ್ವನಿಯಲ್ಲಿ ಕೇಳಿದೆ: "ಎಲ್ಲಿಂದ ಕರೆ? ಯಾವ ನಂಬರು? ಯಾರಿಗೆ ಬೇಕು? ನಿಮ್ಮ ಹೆಸರು, ಠಾಣೆ ಹೇಳಿ, ನಾನು ಠಾಣೆಯ ನಂಬರಿಗೆ ತಿರುಗಿ ಕರೆ ಮಾಡುತ್ತೇನೆ." ಪಿ.ಪಿ. ಕರೆಗೆ ಕೇಳುತ್ತಿದ್ದದ್ದು ಇದೇ ಪ್ರಶ್ನೆಗಳನ್ನು. ಆಚೆಯವನು ಮೊದಲು ಗದರಿದ. ನಾನು ಎರಡನೆಯ ಸಲ ಕೇಳಿದೆ. ಕರೆ ತುಂಡಾಯಿತು. ಯಾರನ್ನೂ ಫೋನಿನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ ಎಂಬುದನ್ನು ಮಾಸ್ತರರು ನಂಬಲು ಎರಡು ದಿನ ಬೇಕಾಯಿತು. ಹಣ ಹೋಗಿರಲಿಲ್ಲ. ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹೋಗದಿದ್ದರೂ ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ಆ ಕರೆಯ ವಿವರ ಬರೆಯಬಹುದು. ನಾವಿಬ್ಬರೂ ಕುಳಿತು ಬರೆದೆವು; ಮಾಸ್ತರರು ಅಕ್ಷರ ತಪ್ಪು ತಿದ್ದಿದರು. ಅವರ ಫೋನಿನಲ್ಲಿ ಅಪರಿಚಿತರ ಕರೆ ಸದ್ದು ಮಾಡದಂತೆ ಇಡುವ ಸೆಟ್ಟಿಂಗನ್ನೂ ಚಾಲೂ ಮಾಡಿದೆ. ವಾಟ್ಸ್‌ಆ್ಯಪ್‌ನಲ್ಲಿ ‘ಪ್ರೈವೆಸಿ’ ಒಳಗೆ ‘ಕಾಲ್ಸ್’ ಎಂಬಲ್ಲಿ ಅದಿದೆ.

ಮತ್ತೆ ಭಾನುವಾರಕ್ಕೆ ಬರುತ್ತೇನೆ. ಅಕ್ಕನಿಗೆ ಈಗಲೂ ಕರೆ ಎಂದರೆ ಮೂರು ನಿಮಿಷ. ಅಷ್ಟಾದ ಕೂಡಲೇ "ಸಾಕು ಸಾಕು, ಬಿಲ್ ಏರುತ್ತದೆ, ಮಗುವಿನ ದುಡಿಮೆ ಎಲ್ಲ ಫೋನಿಗೇ ಹೋದೀತು" ಎನ್ನುತ್ತಾಳೆ. ಬಿಲ್ ಇಲ್ಲ ದೊಡ್ಡಮ್ಮ ಎಂದು ಮಗಳು ಪ್ರತಿ ವಾರ ಹೇಳುತ್ತಾಳೆ. ಹೌದೇ ಎಂದು ಅಕ್ಕ ಪ್ರತಿ ವಾರ ಆಶ್ಚರ್ಯಪಡುತ್ತಾಳೆ. ಆಮೇಲೆ ಶುರುವಾಗುತ್ತದೆ ನಿಜವಾದ ಮಾತು: ಯಾರ ಹೊಲದಲ್ಲಿ ತೊಗರಿ ಒಣಗಿತು, ಯಾರ ಸೊಸೆ ತವರಿಗೆ ಹೋದವಳು ಬರಲಿಲ್ಲ, ಐರ್ಲೆಂಡಿನಲ್ಲಿ ಎಮ್ಮೆ ಇಲ್ಲವೆಂದರೆ ಜನ ಚಹಾ ಹೇಗೆ ಕುಡಿಯುತ್ತಾರೆ.

ಹೋದ ಭಾನುವಾರ ಮಾತು ಮುಗಿಸಿ ಮಗಳು ಕೆಲಸಕ್ಕೆ ಹೊರಟಳು. ಅವಳ ಫೋನು ಬಂದ್ ಆಯಿತು. ಅಕ್ಕನದು ಬಂದ್ ಆಗಲಿಲ್ಲ. ಗುಂಡಿ ಒತ್ತಿದೆನೆಂದುಕೊಂಡು ಫೋನನ್ನು ಕಟ್ಟೆಯ ಮೇಲೆ ಇಟ್ಟು ಹೋಗಿದ್ದಾಳೆ. ಟವೆಲ್ಲಿನ ಮೇಲಿನ ಮೊಬೈಲಿನಿಂದ ನಮ್ಮ ತವರುಮನೆ ಕೇಳಿಸತೊಡಗಿತು. ಕೋಳಿ ಕೆದರುವುದು, ಬಾವಿಯ ಗಡಗಡೆ, ಕರುವಿಗೆ ಅಕ್ಕನ ಬೈಗುಳ. ಬಳಿಕ ಅವಳು ಯಾರಿಗೋ ಹೇಳತೊಡಗಿದಳು: "ನನ್ನ ತಂಗಿ ಇದ್ದಾಳಲ್ಲ, ಅವಳು..."

ಮುಂದಿನದನ್ನು ಕೇಳುವ ಆಸೆ ಬಹಳ ಇತ್ತು. ಕೆಂಪು ಗುಂಡಿ ಒತ್ತಿ ಟವೆಲ್ ಮಡಿಸಿದೆ.